ಕಾರ್ಕ್‌ನ ಕೆಲಸ ಬೇರೆ, ಕ್ರೌನ್ ಮುಚ್ಚಳದ ಕೆಲಸ ಬೇರೆ

ವೈನ್ ಬಾಟಲಿಯ ಕಾರ್ಕ್‌ಗೆ ಹಲ್ಲೂ ಇಲ್ಲ, ಕೊಂಡಿಯೂ ಇಲ್ಲ. ಅದುಮಿ ತೂರಿಸಿದ ಬಿರಡೆ ಮತ್ತೆ ಹಿಗ್ಗಲು ನೋಡುತ್ತದೆ, ಗಾಜು ಬಿಡುವುದಿಲ್ಲ. ಆ ಬಿಗಿಯೇ ಅದರ ಹಿಡಿತ. ಬಿಯರ್ ಬಾಟಲಿಯ ಕ್ರೌನ್ ಮುಚ್ಚಳ ಹಾಗಲ್ಲ, 21 ಹಲ್ಲುಗಳಿಂದ ಗಾಜಿನ ಅಂಚನ್ನು ಕಚ್ಚಿಕೊಂಡಿರುತ್ತದೆ. ಕಾರ್ಕ್ ಹೊರಗಿನ ಗಾಳಿ ಒಳಬಾರದಂತೆ ತಡೆಯುತ್ತದೆ, ಕ್ರೌನ್ ಒಳಗಿನ ಗ್ಯಾಸ್ ಹೊರಹೋಗದಂತೆ ಹಿಡಿಯುತ್ತದೆ. ಮನೆಯಲ್ಲಿ ವೈನ್, ಬಿಯರ್ ಮಾಡಿ ತುಂಬಿಸಿದ ಬಾಟಲಿಗಳು ಸೋರುವುದಾಗಲಿ ಸಿಡಿಯುವುದಾಗಲಿ ಹೆಚ್ಚಾಗಿ ಈ ಎರಡು ಕೆಲಸಗಳನ್ನು ಕಲಸಿಕೊಂಡಾಗ.

ಮೊದಲು ವೈನ್. ಬಿರಡೆ ಕೈಗೆತ್ತಿಕೊಳ್ಳುವ ಮುಂಚೆ ಹೈಡ್ರೋಮೀಟರ್, ಅಂದರೆ ದ್ರವದ ಸಾಂದ್ರತೆ ತೋರಿಸುವ ತೇಲುಗೊಳವೆ, ಇಳಿಸಿ ನೋಡಬೇಕು. ಸಿಹಿಯಿಲ್ಲದ ವೈನ್ 0.990ರಿಂದ 0.998ರ ನಡುವೆ ನಿಂತು, ಒಂದು ವಾರದಲ್ಲಿ ಮೂರು ಸಲ ಅಳೆದರೂ ಅಂಕಿ ಕದಲದಿದ್ದರೆ ಹುದುಗು ಮುಗಿದಿದೆ. ಪಾತ್ರೆಯ ಗ್ಯಾಸನ್ನು ಹೊರಬಿಟ್ಟು ಗಾಳಿ ತಡೆಯುವ ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿತು ಎನ್ನುವುದು ಸಾಕ್ಷಿಯಲ್ಲ. ಚಳಿಗೆ ಈಸ್ಟ್ ಸುಮ್ಮನಾಗಿ, ಬೇಸಿಗೆಗೆ ಮತ್ತೆ ಏಳುತ್ತದೆ. ಹುದುಗು ಮುಗಿದರೂ ಕರಗಿದ ಗ್ಯಾಸ್ ಉಳಿದಿರಬಹುದು. ಸಣ್ಣ ಜಾಡಿಯೊಂದರಲ್ಲಿ ಅರ್ಧದಷ್ಟು ವೈನ್ ಹಾಕಿ, ಅಂಗೈಯಿಂದ ಬಾಯಿ ಮುಚ್ಚಿ ಕುಲುಕಿ. ಕೈ ತೆಗೆದಾಗ ಪುಸ್ಸೆಂದರೆ ಇನ್ನೂ ಕಾಯಬೇಕು. ಸಿಹಿ ಉಳಿಸಿಕೊಂಡ ವೈನ್ ಮತ್ತೆ ಹುದುಗದಂತೆ ಲೀಟರಿಗೆ ಸುಮಾರು 0.2 ಗ್ರಾಂ ಪೊಟ್ಯಾಸಿಯಂ ಸಾರ್ಬೇಟ್, 0.1 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎರಡೂ ಬೇಕು. ಸಾರ್ಬೇಟ್ ಈಸ್ಟನ್ನು ಕೊಲ್ಲುವುದಿಲ್ಲ, ಅದರ ಸಂತಾನ ಬೆಳೆಯದಂತೆ ತಡೆಯುತ್ತದೆ, ಅಷ್ಟೇ. ಹಾಗಾಗಿ ವೈನ್ ತಿಳಿಯಾಗಿ, ಗಸಿಯಿಂದ ಬೇರೆಯಾದ ಮೇಲೆಯೇ ಅದನ್ನು ಹಾಕಬೇಕು.

750 ಮಿಲೀ ಬಾಟಲಿಯ ಬಾಯಿಯ ಒಳ ವ್ಯಾಸ ಸುಮಾರು 18.5 ಮಿಮೀ. ಅದಕ್ಕೆ 24 ಮಿಮೀ ದಪ್ಪದ, ಅಂದರೆ 9ನೇ ನಂಬರಿನ ಕಾರ್ಕ್ ಸರಿಯಾದ ಜೋಡಿ. ಐದೂವರೆ ಮಿಮೀ ಹೆಚ್ಚಿದೆಯಲ್ಲ, ಹಿಡಿತ ಬರುವುದೇ ಅದರಿಂದ. ಕೈಬಲದಿಂದ ಇದನ್ನು ತೂರಿಸಲಾಗದು ಎಂದು 22 ಮಿಮೀನ 8ನೇ ನಂಬರ್ ಹಾಕುವವರಿದ್ದಾರೆ. ಆರು ತಿಂಗಳೊಳಗೆ ಕುಡಿದು ಮುಗಿಸುವ ವೈನ್‌ಗೆ ಅದು ನಡೆಯುತ್ತದೆ, ವರ್ಷಗಟ್ಟಲೆ ಇಡುವುದಕ್ಕೆ ಬೇಡ. ನೆಲದ ಮೇಲೆ ನಿಲ್ಲಿಸಿ ಹಿಡಿ ಒತ್ತುವ ಕಾರ್ಕರ್ ಬಿರಡೆಯನ್ನು ಸುತ್ತಲಿಂದ ಸಮನಾಗಿ ಅದುಮಿ ಸುಮಾರು 16 ಮಿಮೀಗೆ ಇಳಿಸಿ ಒಳಗೆ ತಳ್ಳುತ್ತದೆ. ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ.

ಕಾರ್ಕನ್ನು ಕುದಿಸಬಾರದು. ಪುಡಿ ಅಂಟಿಸಿ ಮಾಡಿದ ಕಾರ್ಕ್‌ಗಳು ಬಿಸಿಗೆ ಸಡಿಲಾಗಿ, ಎಳೆಯುವಾಗ ಚೂರಾಗುತ್ತವೆ. 1 ಲೀಟರ್ ನೀರಿಗೆ 10 ಗ್ರಾಂ ಮೆಟಾಬೈಸಲ್ಫೈಟ್ ಕರಗಿಸಿ, ಕಾರ್ಕ್‌ಗಳನ್ನು ಅದ್ದಿ ತೆಗೆದು, ಸೋಸಿಟ್ಟರೆ ಸಾಕು. ಕಿಟಕಿ ತೆರೆದಿರಲಿ, ಅದರ ಹಬೆ ಗಂಟಲು ಕೆರೆಯುತ್ತದೆ. ಹೊಸ ಪ್ಯಾಕೆಟ್ ಆಗಷ್ಟೇ ಬಿಚ್ಚಿದ್ದಾದರೆ ಇದೂ ಬೇಕಾಗುವುದಿಲ್ಲ.

ಕಾರ್ಕ್‌ನ ತಳಕ್ಕೂ ವೈನ್‌ಗೂ ನಡುವೆ 15 ಮಿಮೀ ಜಾಗ ಬಿಡಿ. ಅಷ್ಟು ಜಾಗವೆಂದರೆ ಬರೀ 4 ಮಿಲೀ. ತಣ್ಣಗಿನ ವೈನ್ ತುಂಬಿಸಿ, ಅದು ಆಮೇಲೆ 10 ಡಿಗ್ರಿ ಬೆಚ್ಚಗಾದರೆ ಸುಮಾರು ಒಂದೂವರೆ ಮಿಲೀ ಹಿಗ್ಗುತ್ತದೆ. ಸಿಕ್ಕಿಬಿದ್ದ ಗಾಳಿ ಹೋಗಲು ದಾರಿಯಿಲ್ಲದೆ ಬಿರಡೆಯನ್ನೇ ಮೇಲಕ್ಕೆ ದೂಡುತ್ತದೆ. ಅದಕ್ಕೇ ವೈನ್ 20 ಡಿಗ್ರಿಯ ಆಸುಪಾಸಿನಲ್ಲಿರುವಾಗ ತುಂಬಿಸಬೇಕು. ಬಾಟಲಿಯ ಕತ್ತಿನ ಒಳಭಾಗ ಒಣಗಿರಬೇಕು, ಕಾರ್ಕ್ ಬಾಯಿಯ ಮಟ್ಟಕ್ಕೆ ನಿಲ್ಲಬೇಕು. ಮೂರು ದಿನ ನೆಟ್ಟಗೆ ನಿಲ್ಲಿಸಿ, ಆಮೇಲೆ ಮಲಗಿಸಿ.

ಸೋರಿದ ಬಾಟಲಿಯ ಕಾರ್ಕನ್ನು ಎಸೆಯುವ ಮುಂಚೆ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಒಂದೇ ಬದಿಯಲ್ಲಿ ಮೇಲಿಂದ ಕೆಳಗಿನವರೆಗೆ ನೆರಿಗೆ ಇದ್ದು, ಅದರುದ್ದಕ್ಕೂ ಬಣ್ಣ ಹತ್ತಿದ್ದರೆ ಕಾರ್ಕರ್‌ನ ದವಡೆ ಸವೆದಿದೆ ಅಥವಾ ಸರಿಯಾಗಿ ಕೂಡುತ್ತಿಲ್ಲ. ವೈನ್ ಆ ನೆರಿಗೆಯಲ್ಲೇ ಹತ್ತಿಕೊಂಡು ಬಂದಿದೆ. ನೆರಿಗೆಯಿಲ್ಲದೆ ಸುತ್ತಲೂ ಒದ್ದೆಯಾಗಿದ್ದರೆ ಕಾರ್ಕ್ ಸಣ್ಣದು. ಮೇಲೆ ಹಾಕುವ ಪ್ಲಾಸ್ಟಿಕ್ ಟೊಪ್ಪಿಗೆ ಇದ್ಯಾವುದನ್ನೂ ಸರಿಪಡಿಸುವುದಿಲ್ಲ, ಅದು ಅಂದಕ್ಕೆ ಮಾತ್ರ.

ಬಿಯರ್‌ನಲ್ಲಿ ಲೆಕ್ಕ ತಿರುಗುತ್ತದೆ. ಇಲ್ಲಿ ಗ್ಯಾಸ್ ಬೇಕೇ ಬೇಕು, ಆದರೆ ಅಳತೆಯಲ್ಲಿ. ಹುದುಗು ಮುಗಿದ ಬಿಯರ್‌ಗೆ ಬಾಟಲಿಯೊಳಗೆ ಗ್ಯಾಸ್ ಹುಟ್ಟಲು ಲೀಟರಿಗೆ 6 ಗ್ರಾಂ ಸಕ್ಕರೆ ಸಾಮಾನ್ಯ ಪ್ರಮಾಣ. 20 ಲೀಟರಿಗೆ 120 ಗ್ರಾಂ ತೂಗಿ, ಒಂದು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ ಆರಿಸಿ, ತೊಳೆದ ಬಕೆಟ್ಟಿನ ತಳಕ್ಕೆ ಸುರಿದು, ಅದರ ಮೇಲೆ ಬಿಯರನ್ನು ಸದ್ದಿಲ್ಲದೆ ಸೈಫನ್ ಕೊಳವೆಯಿಂದ ಇಳಿಸಿ. ಬಾಟಲಿಗೊಂದು ಚಮಚ ಎಂಬ ಅಂದಾಜು ಬೇಡ, ಚಮಚಕ್ಕೂ ಚಮಚಕ್ಕೂ ವ್ಯತ್ಯಾಸ ಬರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಹುದುಗು ಮುಗಿಯದ ಬಿಯರಿನದು. 1.010ಕ್ಕೆ ಇಳಿಯಬೇಕಾದ್ದು 1.014ರಲ್ಲಿರುವಾಗಲೇ ತುಂಬಿಸಿದರೆ, ಉಳಿದ ಆ ನಾಲ್ಕು ಅಂಕವೊಂದೇ ಬಿಯರಿನ ಗಾತ್ರದ ಸುಮಾರು ಎರಡು ಪಟ್ಟು ಗ್ಯಾಸ್ ಹುಟ್ಟಿಸುತ್ತದೆ. ನೀವು ಸಕ್ಕರೆ ಹಾಕಿ ಬಯಸಿದ್ದೂ ಸೇರಿ ಒಟ್ಟು ನಾಲ್ಕು ಪಟ್ಟು ದಾಟುತ್ತದೆ. ಸಾಧಾರಣ ಬಿಯರ್ ಬಾಟಲಿ ಅದಕ್ಕೆಂದು ಮಾಡಿದ್ದಲ್ಲ. ವೈನ್ ಬಾಟಲಿ, ಚೌಕಾಕಾರದ ಅಲಂಕಾರದ ಬಾಟಲಿಗಳಂತೂ ಗ್ಯಾಸ್ ಇರುವ ಯಾವುದಕ್ಕೂ ಸಲ್ಲವು.

ಕ್ರೌನ್ ಮುಚ್ಚಳಕ್ಕೆ ವಿಲಿಯಂ ಪೇಂಟರ್ ಪೇಟೆಂಟ್ ಪಡೆದದ್ದು 1892ರಲ್ಲಿ. ಅಂದು ಹಲ್ಲು 24 ಇದ್ದವು, ತತ್ವ ಇಂದಿಗೂ ಅದೇ. ಹೆಚ್ಚಿನ ಬಾಟಲಿಗಳಿಗೆ 26 ಮಿಮೀ ಮುಚ್ಚಳ; ಶಾಂಪೇನ್ ಬಾಟಲಿಗಳಲ್ಲಿ ಹಲವಕ್ಕೆ 29 ಬೇಕು, ಅಲ್ಲಿ 26 ಕೂರುವುದೇ ಇಲ್ಲ. ತಿರುಗಿಸಿ ತೆಗೆಯುವ ಮುಚ್ಚಳಕ್ಕೆಂದು ಬಾಯಿಯಲ್ಲಿ ತಿರುಪಿನ ಗೆರೆ ಇರುವ ಬಾಟಲಿಗಳನ್ನು ಪಕ್ಕಕ್ಕಿಡಿ, ಹಲ್ಲುಗಳಿಗೆ ಅಲ್ಲಿ ಸರಿಯಾದ ಹಿಡಿತ ಸಿಗದು. ಮುಚ್ಚಳ ಒತ್ತುವ ಎರಡು ಹಿಡಿಯ ಕೈ ಕ್ಯಾಪರ್ ಬಾಟಲಿಯ ಕತ್ತಿನ ಉಬ್ಬನ್ನು ಹಿಡಿದು ಎಳೆಯುತ್ತದೆ. ಉಬ್ಬು ಕಿರಿದಾಗಿದ್ದರೆ ಜಾರುತ್ತದೆ, ಇನ್ನೂ ಬಲ ಹಾಕಿದರೆ ಕತ್ತೇ ಮುರಿಯುತ್ತದೆ. ಅಂಥ ಬಾಟಲಿಗೆ ಮೇಲಿಂದ ಒತ್ತುವ ಮೇಜಿನ ಕ್ಯಾಪರ್ ವಾಸಿ.

ಸರಿಯಾಗಿ ಕಚ್ಚಿದ 26 ಮಿಮೀ ಮುಚ್ಚಳದ ಹೊರ ವ್ಯಾಸ, ಹಲ್ಲುಗಳೂ ಸೇರಿ, 28.6ರಿಂದ 28.8 ಮಿಮೀ ಇರುತ್ತದೆ. ಕ್ಯಾಲಿಪರ್ ಇಲ್ಲದಿದ್ದರೆ ಬರಿಗೈಯಲ್ಲಿ ತಿರುಗಿಸಿ ನೋಡಿ. ಸುಲಭವಾಗಿ ತಿರುಗಿದರೆ ಸಡಿಲ. ಆಗ ಅದೇ ಮುಚ್ಚಳವನ್ನು ಮತ್ತೆ ಒತ್ತುವ ಬದಲು ತೆಗೆದು ಹೊಸದು ಹಾಕಿ. ತೆಗೆದದ್ದನ್ನು ಮಗುಚಿದರೆ ಒಳಗಿನ ಪದರದ ಮೇಲೆ ಬಾಟಲಿಯ ಅಂಚಿನ ಅಚ್ಚು ಬಳೆಯಂತೆ ಕಾಣುತ್ತದೆ. ಬಳೆ ಒಂದು ಕಡೆ ಆಳವಾಗಿ, ಎದುರು ಕಡೆ ಮಾಸಿದ್ದರೆ ಬಾಟಲಿ ಓರೆಯಾಗಿ ನಿಂತಿತ್ತು ಎಂದೇ ಅರ್ಥ.

ತುಂಬಿಸುವಾಗ ಕೊಳವೆಯ ತುದಿ ಬಾಟಲಿಯ ತಳ ಮುಟ್ಟಿರಲಿ, ಮೇಲೆ ಎರಡೂವರೆಯಿಂದ ಮೂರು ಸೆಂಮೀ ಜಾಗವಿರಲಿ. ನೊರೆ ಬಾಯಿಯವರೆಗೆ ಏರಿದ ಕ್ಷಣ ಮುಚ್ಚಳ ಒತ್ತಿದರೆ ಒಳಗೆ ಗಾಳಿ ಕಡಿಮೆ ಉಳಿದು, ಹಳಸಲು ರಟ್ಟಿನ ರುಚಿ ತಡವಾಗುತ್ತದೆ. ಒಂದನ್ನು ಗ್ಯಾಸ್ ತಾಳುವ ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿಡಿ. ಅದು ಒತ್ತಿದರೆ ಕಲ್ಲಿನಂತೆ ಗಟ್ಟಿಯಾದ ದಿನ ಉಳಿದವುಗಳ ಒಳಗೇನು ನಡೆದಿದೆ ಎಂದು ಗೊತ್ತಾಗುತ್ತದೆ. ತಂತಿ ಕೊಂಡಿಯ ಬಾಟಲಿಗಳಲ್ಲಿ ಪ್ರತಿ ಸಲ ರಬ್ಬರ್ ಬಳೆ ಬಿಚ್ಚಿ ತೊಳೆಯಿರಿ, ಬಾಗಿಸಿದಾಗ ಬಿರುಕು ಕಂಡರೆ ಬದಲಿಸಿ.

ಬಿಯರ್ ಬಾಟಲಿಗಳನ್ನು ಮಲಗಿಸಬೇಡಿ. ಮುಚ್ಚಿದ ಪೆಟ್ಟಿಗೆಯಲ್ಲಿ, 18ರಿಂದ 24 ಡಿಗ್ರಿಯಲ್ಲಿ, ಎರಡು ಮೂರು ವಾರ ನೆಟ್ಟಗೆ ನಿಲ್ಲಲಿ. ಒಂದು ಬಾಟಲಿ ಸಿಡಿದರೆ ಉಳಿದವನ್ನು ಬರಿಗೈಯಲ್ಲಿ ಮುಟ್ಟಬೇಡಿ. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಮೇಲೆ ದಪ್ಪ ಟವೆಲ್ ಹೊದಿಸಿ, ಅಲುಗಾಡಿಸದೆ ಫ್ರಿಜ್‌ಗೆ ಸೇರಿಸಿ. ಒಂದು ಇಡೀ ದಿನ ತಣ್ಣಗಾದ ಮೇಲೆ, ಟವೆಲ್ ತೆಗೆಯದೆಯೇ ಒಂದೊಂದೇ ಮುಚ್ಚಳದ ಅಂಚನ್ನು ಓಪನರ್‌ನಿಂದ ತುಸು ಎತ್ತಿ ಗ್ಯಾಸ್ ಬಿಡಿ. ಸದ್ದು ನಿಂತ ಮೇಲೆ ಹಳೆಯ ಮುಚ್ಚಳ ತೆಗೆದು ಹೊಸದನ್ನು ಒತ್ತಿ, ಫ್ರಿಜ್‌ನಲ್ಲೇ ಇಟ್ಟು ಬೇಗ ಮುಗಿಸಿ.