ಹಓಮ ಅಂದರೆ ಹೋಮ ಅಲ್ಲ

ಮೊದಲು ಈ ಮೂರು ಸಾಲನ್ನು ಜೋರಾಗಿ ಓದಿ. ಚುಕ್ಕಿ ಇರುವ ಜ ಬಂದರೆ ‘ಜ಼ೂ’ಗೆ ಹೋಗಿ ಹುಲಿ ನೋಡ್ತೀವಲ್ಲ, ಆ ಜ಼.

ತೆಮ್ ಅಮವಂತೆಮ್ ಯಜ಼ತೆಮ್
ಸೂರೆಮ್ ದಾಮೋಹು ಸೆವಿಷ್ತೆಮ್
ಮಿಥ್ರೆಮ್ ಯಜ಼ಾಯ್ ಜ಼ಓಥ್ರಾಬ್ಯೋ

ನೆಗಡಿಯಾದ ಪುರೋಹಿತರು ಸಂಸ್ಕೃತ ಹೇಳಿದ ಹಾಗಿದೆ, ಅಲ್ವಾ? ಆದರೆ ಇದು ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾದ್ದು. ಮಿಥ್ರ ಎಂಬ ದೇವರ ಸ್ತುತಿ. ಪದಕ್ಕೆ ಪದ ಇಟ್ಟು ಸಂಸ್ಕೃತ ಮಾಡಿದರೆ ಹೀಗಾಗುತ್ತದೆ:

ತಮ್ ಅಮವಂತಂ ಯಜತಂ
ಶೂರಂ ಧಾಮಸು ಶವಿಷ್ಠಂ
ಮಿತ್ರಂ ಯಜೈ ಹೋತ್ರಾಭ್ಯಃ

‘ಆ ಬಲಶಾಲಿ, ಪೂಜೆಗೆ ತಕ್ಕವನು, ಶೂರ, ಎಲ್ಲರಿಗಿಂತ ಬಲಿಷ್ಠ, ಆ ಮಿತ್ರನನ್ನು ಆಹುತಿ ಕೊಟ್ಟು ಪೂಜಿಸುತ್ತೇನೆ’ ಅಂತ ಸುಮಾರಾಗಿ ಅರ್ಥ. ಈ ಸಂಸ್ಕೃತ ಸಾಲನ್ನು ಯಾವ ವೇದದಲ್ಲೂ ಹುಡುಕಬೇಡಿ. ಹೋಲಿಕೆ ತೋರಿಸಲೆಂದೇ ಪಂಡಿತರು ಕಟ್ಟಿದ್ದು ಅದು. ಆದರೂ ನೋಡಿ, ಒಂದು ಪದವನ್ನೂ ತೆಗೆದು ಬೇರೆ ಹಾಕಬೇಕಾಗಲಿಲ್ಲ. ಕೆಲವು ಅಕ್ಷರ ತಿರುಗಿಸಿದ್ದಷ್ಟೇ.

ಯಾವ ಅಕ್ಷರ ಎಲ್ಲಿ ತಿರುಗುತ್ತದೆ ಅನ್ನುವುದರಲ್ಲೇ ಮಜಾ ಇರುವುದು. ಅದನ್ನು ಬಿಟ್ಟು ಜನ ಸುಮ್ನೆ ಕಿವಿಗೆ ಬಿದ್ದದ್ದನ್ನು ನಂಬಿ ನೆಂಟಸ್ತಿಕೆ ಹಚ್ಚುತ್ತಾರೆ. ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಬಂದ ಒಂದು ಮೆಸೇಜ್ ಹೀಗಿತ್ತು: ಪಾರ್ಸಿಗಳ ‘ಹಓಮ’ ಅಂದರೆ ನಮ್ಮ ಹೋಮವೇ. ಪರ್ಷಿಯದವರಿಗೆ ‘ಸ’ ಹೇಳಲು ನಾಲಿಗೆ ಹೊರಳುವುದಿಲ್ಲ, ಅದಕ್ಕೇ ಸಿಂಧು ಹೋಗಿ ಹಿಂದು ಆಯಿತು. ಪಾರ್ಸಿ ಧರ್ಮದ ಪ್ರವರ್ತಕ ಜರತುಷ್ಟ್ರ ನಮ್ಮವರು ಜಗಳವಾಡಿ ಹೊರಗೆ ಹಾಕಿದ ಒಬ್ಬ ಋಷಿ. ಕೆಳಗೆ ಹದಿನೈದು ಮಂದಿ ಕೈ ಮುಗಿದಿದ್ದರು.

ನಾಲಿಗೆಯ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಸಿಂಧು ಹಿಂದು ಆದದ್ದು ನಿಜ. ನಮ್ಮ ‘ಸಪ್ತ ಸಿಂಧು’ ಅವೆಸ್ತಾದಲ್ಲಿ ‘ಹಪ್ತ ಹೆಂದು’. ಸೇನೆ ಅಲ್ಲಿ ‘ಹಏನಾ’, ಅಸುರ ಅಲ್ಲಿ ‘ಅಹುರ’. ಆದರೆ ಅದೇ ಅವೆಸ್ತಾದಲ್ಲಿ ದಶಕ್ಕೆ ‘ದಸ’, ಶತಕ್ಕೆ ‘ಸತೆಮ್’, ಅಶ್ವಕ್ಕೆ ‘ಅಸ್ಪ’! ಸ ಹೇಳಲು ಬಾರದವರು ಇದನ್ನೆಲ್ಲ ಹೇಗೆ ಹೇಳಿದರು? ಇನ್ನೂ ಚೆಂದದ್ದು ಇಲ್ಲಿದೆ. ‘ಇದೆ’ ಅನ್ನುವುದಕ್ಕೆ ಸಂಸ್ಕೃತದಲ್ಲಿ ‘ಅಸ್ತಿ’, ಅವೆಸ್ತಾದಲ್ಲೂ ‘ಅಸ್ತಿ’. ‘ಇವೆ’ ಅನ್ನುವುದಕ್ಕೆ ಸಂಸ್ಕೃತದಲ್ಲಿ ‘ಸಂತಿ’, ಅವೆಸ್ತಾದಲ್ಲಿ ‘ಹೆಂತಿ’. ಒಂದೇ ಧಾತು, ಒಂದೇ ಬಾಯಿ. ಒಂದು ಕಡೆ ಸ ಉಳಿಯಿತು, ಇನ್ನೊಂದು ಕಡೆ ಹ ಆಯಿತು.

ಕಾರಣ ಸರಳ. ಸ್ವರದ ಮುಂದೆ ಒಂಟಿಯಾಗಿ ಬಂದ ಸ ಕರಗಿ ಹ ಆಯಿತು. ತಕಾರದ ಕೈ ಹಿಡಿದು ಬಂದದ್ದು ಬಚಾವಾಯಿತು. (ದಸ, ಸತೆಮ್, ಅಸ್ಪದ ಸ ಬೇರೆ, ಅದು ನಮ್ಮ ಶಕಾರದ ಜೋಡಿ.) ಟೋಲ್ ಗೇಟಿನ ಹಾಗೆ: ಕಾರಿಗೆ ದುಡ್ಡು, ಬೈಕಿಗೆ ಇಲ್ಲ. ಗೇಟಿಗೆ ಯಾರ ಮೇಲೂ ಪ್ರೀತಿಯಿಲ್ಲ, ದ್ವೇಷವೂ ಇಲ್ಲ. ಚಕ್ರ ಎಣಿಸುತ್ತದೆ ಅಷ್ಟೆ.

ಇದು ನಂಬಲು ಕಷ್ಟ ಅನಿಸಿದರೆ ನಿಮ್ಮ ಬಾಯಿಯನ್ನೇ ನೋಡಿಕೊಳ್ಳಿ. 10ನೇ ಶತಮಾನದ ಪಂಪನ ಕನ್ನಡದಲ್ಲಿ ಪಾಲ್, ಪುಲಿ, ಪೂ, ಪೋಗು. ನಮಗೆ ಹಾಲು, ಹುಲಿ, ಹೂ, ಹೋಗು. ಪಕ್ಕದ ತಮಿಳರು ಇವತ್ತಿಗೂ ಪಾಲ್ ಕುಡಿದು ಪುಲಿಗೆ ಹೆದರುತ್ತಾರೆ. ಹಾಗಂತ ಕನ್ನಡಿಗರಿಗೆ ಪ ಹೇಳಲು ಬರುವುದಿಲ್ಲವಾ? ಅಪ್ಪ, ಉಪ್ಪು, ತಪ್ಪು, ತುಪ್ಪ ಎಲ್ಲ ಸರಿಯಾಗೇ ಹೇಳುತ್ತೇವಲ್ಲ. ಒತ್ತಿನ ಪ ಉಳಿಯಿತು, ಪದದ ಮೊದಲಿನ ಒಂಟಿ ಪ ಹ ಆಯಿತು. ‘ಹೋಗಪ್ಪ’ ಅನ್ನುವ ಒಂದೇ ಮಾತಿನಲ್ಲಿ ಎರಡೂ ಇವೆ. ‘ಅಸ್ತಿ’, ‘ಹೆಂತಿ’ಯದ್ದೂ ಇದೇ ಕಥೆ. ಹಾಲು ಕೆಟ್ಟುಹೋದ ಪಾಲ್ ಅಲ್ಲ. ಹಾಗೇ ಅವೆಸ್ತಾ ಕೆಟ್ಟುಹೋದ ವೇದ ಅಲ್ಲ. ಎರಡೂ ಒಂದೇ ತಾಯಿಯ ಮಕ್ಕಳು. ಸಂಸ್ಕೃತ ಸ ಉಳಿಸಿಕೊಂಡಿತು. ಆದರೆ ‘ಮಜ಼್ದಾ’ದಲ್ಲಿ ಉಳಿದ ಹಳೇ ಜ಼ಕಾರವನ್ನು ಸಂಸ್ಕೃತವೇ ಕಳೆದುಕೊಂಡು ‘ಮೇಧಾ’ ಮಾಡಿಕೊಂಡಿತು. ಪಾರ್ಸಿಗಳ ಪರಮದೈವ ಅಹುರ ಮಜ಼್ದಾ ಅನ್ನುವ ಹೆಸರಿನ ಎರಡನೇ ಭಾಗ ನಮ್ಮ ಮೇಧಾವಿಯ ಮೇಧೆ.

ಇನ್ನು ಹೋಮ. ಅವೆಸ್ತಾದ ಹ ಅಂದರೆ ಸಂಸ್ಕೃತದ ಸ ಅಂತ ಆಯಿತಲ್ಲ. ಹಾಗಾದರೆ ಹಓಮ ಯಾವುದು? ಸೋಮ. ಜಜ್ಜಿ ರಸ ಹಿಂಡುವುದಕ್ಕೆ ನಮ್ಮಲ್ಲಿ ‘ಸು’, ಅವರಲ್ಲಿ ‘ಹು’. ಹಿಂಡಿದ ರಸವೇ ಸೋಮ, ಹಓಮ. ಯಸ್ನ ಅನ್ನುವ ಪೂಜೆಯಲ್ಲಿ ಪಾರ್ಸಿ ಪುರೋಹಿತರು ಇಂದಿಗೂ ಲೋಹದ ಕುಟ್ಟಾಣಿಯಲ್ಲಿ ಎಫೆಡ್ರಾ ಗಿಡದ ಒಣ ಕಡ್ಡಿಗಳನ್ನು ದಾಳಿಂಬೆ ಕಡ್ಡಿಯ ಜೊತೆ ಕುಟ್ಟುತ್ತಾರೆ. ಯಸ್ನ ಅಂದರೆ ಯಜ್ಞವೇ, ಹೇಳಬೇಕಾಗಿಲ್ಲ.

ಮತ್ತೆ ನಮ್ಮ ಹೋಮದ ಹ? ಅದಕ್ಕೆ ಬೇರೆ ಗೇಟು. ಸಂಸ್ಕೃತದ ಈ ಹ ಅವೆಸ್ತಾದಲ್ಲಿ ಜ಼ ಆಗಿ ಕಾಣುತ್ತದೆ. ಅಹಂ ಅಲ್ಲಿ ‘ಅಜ಼ೆಮ್’, ಬಾಹು ‘ಬಾಜ಼ು’, ಹಿರಣ್ಯ ‘ಜ಼ರನ್ಯ’. ಹಸ್ತ ‘ಜ಼ಸ್ತ’, ಒಳಗಿನ ಸ ಅಲ್ಲಾಡಿಲ್ಲ ನೋಡಿ, ತಕಾರ ಪಕ್ಕದಲ್ಲಿದೆ. ಆಹುತಿ ಕೊಡುವ ಹೋತೃ ಅಲ್ಲಿ ‘ಜ಼ಓತರ್’. ಮೇಲಿನ ಸ್ತೋತ್ರದ ಕೊನೆಯ ಪದ ಇನ್ನೊಮ್ಮೆ ಓದಿ: ‘ಜ಼ಓಥ್ರಾಬ್ಯೋ’. ಹೋಮದ ನಿಜವಾದ ನೆಂಟ ಅದು. ಕೇಳಲು ಒಂದೇ ಥರ ಇರುವ ಹಓಮ, ಹೋಮ ಪರಕೀಯರು. ಕೇಳಲು ದೂರ ಅನಿಸುವ ಹೋತೃ, ಜ಼ಓತರ್ ಒಡಹುಟ್ಟಿದವರು.

ಇದು ಯಾರಿಗೂ ಸುಲಭವಾಗಿ ಹೊಳೆದದ್ದಲ್ಲ. ಆಂಕೆತಿಲ್ ದ್ಯುಪೆರೋಂ ಎಂಬ ಫ್ರೆಂಚ್ ಹುಡುಗ ಭಾರತಕ್ಕೆ ಬರಬೇಕೆಂದು 1754ರಲ್ಲಿ ಸೈನಿಕನಾಗಿ ಸೇರಿಕೊಂಡ. ಸೂರತ್ತಿನಲ್ಲಿ ಪಾರ್ಸಿ ಪುರೋಹಿತರ ಹತ್ತಿರ ಕಲಿತು, 1771ರಲ್ಲಿ ಅವೆಸ್ತಾದ ಅನುವಾದ ಪ್ರಕಟಿಸಿದ. ಅದನ್ನು ನೋಡಿ ವಿಲಿಯಂ ಜೋನ್ಸ್ ಎಂಬ ಪಂಡಿತ ಗೇಲಿ ಮಾಡಿದ, ಇಂಥ ಬಾಲಿಶ ಮಾತು ಜರತುಷ್ಟ್ರನದ್ದಾಗಿರಲು ಸಾಧ್ಯವೇ ಇಲ್ಲ ಅಂತ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದು 1786ರಲ್ಲಿ ಕಲ್ಕತ್ತದಲ್ಲಿ ಸಾರಿದ್ದು ಇದೇ ಜೋನ್ಸ್! 1789ರಲ್ಲಿ ಅವನೇ ಆಂಕೆತಿಲ್‌ನ ಪದಪಟ್ಟಿ ಬಿಡಿಸಿ ನೋಡಿ, ಹತ್ತರಲ್ಲಿ ಆರೇಳು ಪದ ಶುದ್ಧ ಸಂಸ್ಕೃತ ಎಂದು ಬೆರಗಾದ. 1833ರ ಹೊತ್ತಿಗೆ ಬರ್ನೂಫ್ ಎಂಬ ಪಂಡಿತ ಯಸ್ನದ ಪಠ್ಯದ ಬೀಗ ತೆಗೆದ. ಅವನಿಗೆ ಸಿಕ್ಕ ಕೀಲಿಕೈ ಯಾವುದು ಗೊತ್ತಾ? ಪಾರ್ಸಿ ಪುರೋಹಿತ ನೇರ್ಯೋಸಂಗ್ ಶತಮಾನಗಳ ಹಿಂದೆಯೇ ಮಾಡಿಟ್ಟಿದ್ದ ಸಂಸ್ಕೃತ ಅನುವಾದ.

ಹೊರಗೆ ಹಾಕಿದ ಋಷಿಯ ಕಥೆಗೆ ಬರೋಣ. ನಮಗೆ ದೇವ ಒಳ್ಳೆಯವನು, ಅಸುರ ಕೆಟ್ಟವನು. ಅವರಿಗೆ ಅಹುರ ಪರಮದೈವ, ‘ದಏವ’ ಭೂತಪಿಶಾಚಿ. ಕನ್ನಡಿಯಲ್ಲಿ ಕಂಡ ಹಾಗಿದೆ. 1860ರ ದಶಕದಲ್ಲಿ ಪುಣೆಯಲ್ಲಿದ್ದ ಜರ್ಮನ್ ಪಂಡಿತ ಮಾರ್ಟಿನ್ ಹೌಗ್ ಇದನ್ನು ನೋಡಿ, ಇಬ್ಬರೂ ಒಂದು ದೊಡ್ಡ ಜಗಳವಾಗಿ ಬೇರೆಯಾದರು ಅಂದ. ಕಥೆ ಚೆನ್ನಾಗಿದೆ. ಋಗ್ವೇದ ಮಾತ್ರ ಒಪ್ಪುವುದಿಲ್ಲ. ಅಲ್ಲಿ ವರುಣ ಅಸುರ, ಅಗ್ನಿ ಅಸುರ, ಇಂದ್ರನೂ ಅಸುರ; ಅದು ಒಡೆಯ ಅನ್ನುವಂಥ ಗೌರವದ ಮಾತು. ಕೆಟ್ಟ ಅರ್ಥ ಬಂದದ್ದು ನಿಧಾನವಾಗಿ. ಆಮೇಲೆ ಮೊದಲಿನ ‘ಅ’ ನಿಷೇಧದ್ದು ಅಂತ ಭಾವಿಸಿ ಅದನ್ನು ಕಿತ್ತು ‘ಸುರ’ ಅಂತ ಹೊಸ ಪದವನ್ನೇ ಮಾಡಿಕೊಂಡರು. ಅರ್ಥ ಹಾಳಾಗಲು ಜಗಳವೇ ಬೇಕಂತಿಲ್ಲ. ವಾಸನೆ ಅಂದರೆ ಪರಿಮಳವೂ ಹೌದು. ಆದರೆ ‘ನಿಮ್ಮ ಅಡುಗೆಮನೆಯಲ್ಲಿ ವಾಸನೆ’ ಅಂತ ಅತ್ತೆಗೆ ಹೇಳಿ ನೋಡಿ.

ಆ ಕಡೆಯೂ ಹಾಗೇ. ಜರತುಷ್ಟ್ರನ ಮಾತೆನ್ನುವ 17 ಗಾಥಾಗಳಲ್ಲಿ, ಅಂದರೆ ಸ್ತೋತ್ರಗಳಲ್ಲಿ, ದಏವರನ್ನು ಬೈದಿದೆ ನಿಜ, ಇಂದ್ರನ ಹೆಸರೇ ಇಲ್ಲ. ಇಂದ್ರ ಪಿಶಾಚಿಯಾಗಿ ಬರುವುದು ಅವೆಸ್ತಾದ ಆಮೇಲಿನ ಭಾಗವಾದ ವೆಂದಿದಾದ್‌ನಲ್ಲಿ. ಆದರೆ ಇಂದ್ರನ ಬಿರುದು ‘ವೃತ್ರಹನ್’ ಅಲ್ಲಿ ‘ವೆರೆಥ್ರಘ್ನ’ನಾಗಿ ಪೂಜೆ ತೆಗೆದುಕೊಳ್ಳುತ್ತಲೇ ಇದ್ದ. ಯಮ ಅಲ್ಲಿ ಯಿಮ, ಅವನ ಅಪ್ಪ ವಿವಸ್ವಂತ ‘ವೀವಹ್ವಂತ’. ದೊಡ್ಡ ಜಗಳವಾದ ಮನೆಯಲ್ಲಿ ಇಷ್ಟೊಂದು ಪಾತ್ರೆ ಎರಡೂ ಕಡೆ ಉಳಿಯುತ್ತವಾ? ಅವರು ಬೇರೆಯಾಗಿ ಎಷ್ಟೋ ಕಾಲದ ಮೇಲೆ, ತಮ್ಮ ತಮ್ಮ ಊರಲ್ಲಿ, ತಮ್ಮ ತಮ್ಮ ಕಾರಣಕ್ಕೆ ಬದಲಾದರು ಅನ್ನುವುದೇ ನನಗೆ ಸರಿ ಕಾಣುತ್ತದೆ. ಜರತುಷ್ಟ್ರನದ್ದು ಹೊಸ ವಿಚಾರ. ಸತ್ಯವಾದ ‘ಅಶ’, ಸುಳ್ಳಾದ ‘ದ್ರುಜ್’, ಎರಡರಲ್ಲಿ ಒಂದನ್ನು ಮನುಷ್ಯ ತಾನೇ ಆರಿಸಿಕೊಳ್ಳಬೇಕು ಅಂದ. ಅಶ ಅಂದರೆ ನಮ್ಮ ಋತ. ಪದ ಹಳೆಯದು, ಹಾಕಿದ ಭಾರ ಅವನದು.

ಈ ಹಳೇ ಸ್ತುತಿಯ ಮಿತ್ರ ಕಾಣಿಸಿಕೊಂಡ ಇನ್ನೊಂದು ಜಾಗ ಹೇಳಿ ಮುಗಿಸುತ್ತೇನೆ. ಕ್ರಿಸ್ತಪೂರ್ವ 14ನೇ ಶತಮಾನದಲ್ಲಿ ಪಶ್ಚಿಮ ಏಷ್ಯಾದ ಹಿಟ್ಟೈಟ್ ಮತ್ತು ಮಿತಾನಿ ರಾಜ್ಯಗಳ ರಾಜರು ಒಂದು ಒಪ್ಪಂದ ಮಾಡಿಕೊಂಡರು. ಇಂದಿನ ಟರ್ಕಿಯ ಬೊಗಾಜ಼್‌ಕೋಯಲ್ಲಿ ಅದರ ಮಣ್ಣಿನ ಹಲಗೆ ಸಿಕ್ಕಿತು. ಸಾಕ್ಷಿಗೆ ಕರೆದ ದೇವರ ಸಾಲಿನಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರಿದ್ದಾರೆ. ಅವೆಸ್ತಾದಲ್ಲಿ ‘ಮಿಥ್ರ’ ಪದಕ್ಕೆ ಒಪ್ಪಂದ ಅಂತಲೇ ಅರ್ಥ. ಒಪ್ಪಂದಕ್ಕೆ ಒಪ್ಪಂದವನ್ನೇ ಸಾಕ್ಷಿ ಕರೆದರು!

ಮಿಥ್ರ ಮುಂದೆ ಪಾರಸಿ (ಪರ್ಷಿಯನ್) ಭಾಷೆಯಲ್ಲಿ ಸವೆದು ಮೆಹರ್ ಆದ. ಪಾರ್ಸಿಗಳ ಅಗ್ನಿದೇಗುಲಕ್ಕೆ ‘ದರ್-ಎ-ಮೆಹರ್’ ಅನ್ನುತ್ತಾರೆ, ಮಿಥ್ರನ ಬಾಗಿಲು. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲೂ ಒಂದಿದೆ. ಥ್ರ ಹೀಗೆ ಹ್ರ ಆಗುವುದೂ ಒಂದು ಗೇಟೇ. ನಮ್ಮ ‘ಚಿತ್ರ’ದ ಒಡಹುಟ್ಟು ಅವೆಸ್ತಾದ ‘ಚಿಥ್ರ’. ಅದೂ ಅದೇ ಗೇಟು ದಾಟಿ ಪಾರಸಿಯಲ್ಲಿ ಮುಖ ಅನ್ನುವ ಅರ್ಥಕ್ಕೆ ‘ಚೆಹರಾ’ ಆಯಿತು. ಅಲ್ಲಿಂದ ಕನ್ನಡಕ್ಕೂ ಬಂತು. ಪೇಪರಿನಲ್ಲಿ ಕಾಣೆಯಾದವರ ಪ್ರಕಟಣೆ ಬರುತ್ತದಲ್ಲ, ಮೇಲೆ ಚಿತ್ರ, ಕೆಳಗೆ ಚಹರೆ.