ವಲ್ಕನ್ ಕಲಿಯುವಾಗ ಕಾಲಿನ ಯೋಚನೆ ಬೇಡ

ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದಲ್ಲಿ ಲಾಕ್ ಬೇ ಅನ್ನುವ ಕೊಲ್ಲಿ ಇದೆ. ಬಹುಪಾಲು ಕಡೆ ನೀರು ಸೊಂಟದವರೆಗೆ ಮಾತ್ರ. ದೊಡ್ಡ ಅಲೆಗಳನ್ನು ಹವಳದ ದಿಬ್ಬ ಹೊರಗೇ ತಡೆಯುತ್ತದೆ, ವಾಣಿಜ್ಯ ಮಾರುತ ಒಳಗೆ ಬೀಸುತ್ತಲೇ ಇರುತ್ತದೆ. ಇಲ್ಲಿ ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಜಾರುವ ಆಟ, ಆಡುವವರು ಬಿದ್ದರೆ ಎದ್ದು ನಿಂತು ಮತ್ತೆ ಶುರು ಮಾಡಬಹುದು. ಕಸರತ್ತುಗಳ ಬಗೆಯಾದ ಫ್ರೀಸ್ಟೈಲ್ ವಿಂಡ್‌ಸರ್ಫಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದ ಕಿರಿ ಥೋಡೆ ಈ ದ್ವೀಪದವರು. ಈ ಆಟಕ್ಕೆ ಇಳಿದವರು ಶುರುವಿನಲ್ಲೇ ಹಟ ಹಿಡಿದು ಕಲಿಯುವ ಕಸರತ್ತು ಒಂದಿದೆ. ಅದೇ ವಲ್ಕನ್.

ನೋಡಲು ಸರಳ. ವೇಗವಾಗಿ ಹೋಗುತ್ತಿರುವ ಬೋರ್ಡನ್ನು ಪುಟಿಸಿ ಗಾಳಿಯಲ್ಲೇ ಅರ್ಧ ಸುತ್ತು ತಿರುಗಿಸಬೇಕು. ಅಷ್ಟರೊಳಗೆ ಹಾಯಿಯ ಹಿಡಿಕೆಯನ್ನು, ಅಂದರೆ ಬೂಮನ್ನು, ಒಂದು ಬದಿಯಿಂದ ಬಿಟ್ಟು ಇನ್ನೊಂದು ಬದಿಯಲ್ಲಿ ಹಿಡಿಯಬೇಕು. ಆಮೇಲೆ ನೀರಿಗಿಳಿದು ಹಿಮ್ಮುಖವಾಗಿ ಜಾರಬೇಕು. ಇಳಿಯುವಾಗ ಮೈಭಾರ ಬೋರ್ಡಿನ ಮೂತಿಯ ಕಡೆಗೆ ಇರದಿದ್ದರೆ ಹಿಂಬದಿಯ ಫಿನ್, ಅಂದರೆ ಬೋರ್ಡಿನ ಅಡಿಗಿರುವ ರೆಕ್ಕೆ, ನೀರನ್ನು ಕಚ್ಚಿಕೊಳ್ಳುತ್ತದೆ. ಆಗ ಬೋರ್ಡು ಗಕ್ಕನೆ ನಿಂತು ಸವಾರ ನೀರಿಗೆ ಬೀಳುತ್ತಾನೆ.

ಇದೆಲ್ಲ ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಆಗಬೇಕು. ಕಣ್ಣಿಗೆ ಕಂಡದ್ದಕ್ಕೆ ಕೈಕಾಲು ಸ್ಪಂದಿಸಲು ಸುಮಾರು 0.2 ಸೆಕೆಂಡ್ ಹಿಡಿಯುತ್ತದೆ. ಹಾಗಾಗಿ ಗಾಳಿಯಲ್ಲಿರುವಾಗ ತಪ್ಪು ತಿದ್ದಿಕೊಳ್ಳಲು ಹೆಚ್ಚು ಅವಕಾಶ ಸಿಗುವುದಿಲ್ಲ. ಮಿದುಳು ಇಡೀ ಚಲನೆಯನ್ನು ಹೆಚ್ಚುಕಮ್ಮಿ ಮೊದಲೇ ಕಟ್ಟಿಟ್ಟುಕೊಂಡು ಒಟ್ಟಿಗೆ ಹೊರಬಿಡಬೇಕು. ಹಾಗಾದರೆ ಕಲಿಯುವವರು ಆ ಹೊತ್ತಿನಲ್ಲಿ ಯಾವುದರ ಮೇಲೆ ಗಮನ ಇಡಬೇಕು?

ಈ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ಹುಟ್ಟಿದ್ದು ವಿಂಡ್‌ಸರ್ಫಿಂಗ್ ಬೋರ್ಡಿನ ಮೇಲೆಯೇ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಚಲನೆಯ ಕಲಿಕೆಯನ್ನು ಅಧ್ಯಯನ ಮಾಡುವ ವಿಜ್ಞಾನಿ ಗೇಬ್ರಿಯೆಲೆ ವುಲ್ಫ್ ವೇಗ ಕಳೆದುಕೊಳ್ಳದೆ ತಿರುಗುವ ಪವರ್ ಜೈಬ್ ಕಲಿಯಲು ಒದ್ದಾಡುತ್ತಿದ್ದರು. ಪಾದ ಎಲ್ಲಿದೆ, ಎಷ್ಟು ಒತ್ತಬೇಕು, ಕೈ ಎಲ್ಲಿರಬೇಕು ಎಂದೆಲ್ಲ ಗಮನಿಸಿದಷ್ಟೂ ಬೀಳುತ್ತಿದ್ದರು. ಅದನ್ನೆಲ್ಲ ಬಿಟ್ಟು ಬೋರ್ಡು ಎಷ್ಟು ವಾಲುತ್ತಿದೆ ಅನ್ನುವುದನ್ನಷ್ಟೇ ಗಮನಿಸಿದಾಗ ತಿರುವು ಸಲೀಸಾಗತೊಡಗಿತು.

ಇನ್ನೊಬ್ಬರಾಗಿದ್ದರೆ ಖುಷಿಪಟ್ಟು ಸುಮ್ನಿರುತ್ತಿದ್ದರೇನೋ. ಅವರು ಅದನ್ನು ಪ್ರಯೋಗಕ್ಕೆ ಒಡ್ಡಿದರು. ಸ್ಕೀಯಿಂಗ್ ಅನುಕರಿಸುವ ಯಂತ್ರವೊಂದಿದೆ. ಬಾಗಿದ ಹಳಿಗಳ ಮೇಲೆ ಚಕ್ರದ ಹಲಗೆ, ಅದನ್ನು ನಡುವಿಗೆ ಎಳೆಯುವ ರಬ್ಬರ್ ಪಟ್ಟಿ. ಅದರ ಮೇಲೆ ನಿಂತವರು ಎಡಕ್ಕೂ ಬಲಕ್ಕೂ ಆದಷ್ಟು ದೂರ ಜಾರಬೇಕು. ಒಂದು ಗುಂಪಿಗೆ ‘ಹೊರಬದಿಯ ಪಾದದಿಂದ ಒತ್ತಿ’ ಎಂದರು. ಇನ್ನೊಂದಕ್ಕೆ ‘ಹೊರಬದಿಯ ಚಕ್ರಗಳನ್ನು ಒತ್ತಿ’ ಎಂದರು. ಚಕ್ರಗಳಿದ್ದದ್ದು ಪಾದದ ಕೆಳಗೇ! ಮಾಡಬೇಕಾದ ಕೆಲಸವೂ ಒಂದೇ, ಬದಲಾದದ್ದು ಒಂದು ಪದ. ಎರಡು ದಿನದ ಅಭ್ಯಾಸದ ನಂತರ ಮೂರನೇ ದಿನ ಯಾವ ಸೂಚನೆಯನ್ನೂ ಕೊಡದೆ ಪರೀಕ್ಷಿಸಿದರು. ಚಕ್ರದ ಗುಂಪೇ ಮುಂದಿತ್ತು. ಇದು ಪ್ರಕಟವಾದದ್ದು 1998ರಲ್ಲಿ.

ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಗೂ ಮಂಡಿ ಎಷ್ಟು ಮಡಚಿತು ಎಂದು ಗಮನಿಸಿ ನೋಡಿ. ಹುಷಾರು, ಗೋಡೆ ಹಿಡಿದುಕೊಂಡೇ ನೋಡಿ. ನಡಿಗೆ ತಡವರಿಸುತ್ತದೆ ಅಲ್ವಾ? ವುಲ್ಫ್ ಮತ್ತು ಸಂಗಡಿಗರು ಕೊಡುವ ವಿವರಣೆಯೂ ಇದೇ ದಾರಿಯದು: ಅಂಗಾಂಗದ ಮೇಲೆ ಗಮನ ಇಟ್ಟರೆ, ತನ್ನಷ್ಟಕ್ಕೆ ನಡೆಯಬೇಕಾದ ನಿಯಂತ್ರಣದಲ್ಲಿ ನಾವು ಮೂಗು ತೂರಿಸಿದಂತಾಗುತ್ತದೆ.

ಇದಕ್ಕೆ ತಕರಾರೂ ಇದೆ. ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದ ಕೆಲವರು, ಗೆದ್ದ ಫಲಿತಾಂಶಗಳೇ ಹೆಚ್ಚು ಪ್ರಕಟವಾಗಿರುವುದರಿಂದ ಪರಿಣಾಮ ಇರುವುದಕ್ಕಿಂತ ಜಾಸ್ತಿ ಕಾಣುತ್ತಿದೆ ಎನ್ನುತ್ತಾರೆ. ನ್ಯಾಯವಾದ ಮಾತು. ಆದರೂ ವಲ್ಕನ್‌ನಂಥ ಚುಟುಕು ಚಲನೆಗೆ ನಾನು ಚಕ್ರದ ಗುಂಪಿನ ಕಡೆಗೇ ವಾಲುತ್ತೇನೆ. ‘ಸೊಂಟ ತಿರುಗಿಸು, ಕಾಲು ಎತ್ತು’ ಎನ್ನುವ ಬದಲು ‘ಬೋರ್ಡಿನ ಮೂತಿಯನ್ನು ಗಾಳಿ ಹೋಗುವ ಕಡೆಗೆ ಎಸೆ’ ಎಂದರೆ ಒಂದೇ ಮಾತಿನಲ್ಲಿ ಅಷ್ಟೂ ಕೆಲಸ ಬಂತು.

ಬೂಮ್‌ನಲ್ಲಿ ಕೈ ಬದಲಿಸುವುದನ್ನು ಮಾತ್ರ ದಡದಲ್ಲೇ ಕಲಿಯುವುದು ಒಳ್ಳೆಯದು. ಮರಳಿನಲ್ಲಿ ಹಾಯಿ ನಿಲ್ಲಿಸಿ, ಕಣ್ಣು ಮುಚ್ಚಿದರೂ ಕೈಗೆ ಆಚೆ ಬದಿ ಸಿಗುವವರೆಗೆ. ಅಲ್ಲಿ ಕೈಯನ್ನೇ ದಿಟ್ಟಿಸಿ ನೋಡಿದರೂ ಯಾರೂ ಬೀಳುವುದಿಲ್ಲ.