ಒಂದು ಚೌಕಕ್ಕೆ ಎರಡೇ ಬಣ್ಣ

ಕೆಂಪು ಬೊಂಬೆಯೊಂದು ಹಸಿರು ಮರದ ಮುಂದೆ ನಡೆದುಹೋಗುತ್ತದೆ. ಅದು ಹಾದುಹೋಗುವಾಗ ಸುತ್ತಲಿನ ಎಲೆಗಳೂ ಚೌಕ ಚೌಕವಾಗಿ ಕೆಂಪಾಗುತ್ತವೆ. ದಾಟಿದೊಡನೆ ಮತ್ತೆ ಹಸಿರು. 1982ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರಿನ ಆಟಗಳಲ್ಲಿ ಇದು ದಿನನಿತ್ಯದ ನೋಟ. ಇದನ್ನು ದೋಷವೆಂದು ಹಳಿದವರು ಬಹಳ. ನನಗಂತೂ ಇದು ಆ ಕಾಲದ ಅತ್ಯಂತ ಜಾಣ ಲೆಕ್ಕಾಚಾರಗಳಲ್ಲಿ ಒಂದು.

ಲೆಕ್ಕ ಹೀಗಿದೆ. ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿಗಳು. ಪ್ರತಿ ಚುಕ್ಕಿಗೂ ಎಂಟರಲ್ಲಿ ಒಂದು ಬಣ್ಣ ಕೊಡಬೇಕೆಂದರೆ ಮೂರು ಬಿಟ್ ಬೇಕು (ಬಿಟ್ ಎಂದರೆ 0 ಅಥವಾ 1; ಎಂಟು ಬಿಟ್ ಸೇರಿದರೆ ಒಂದು ಬೈಟ್). ಒಟ್ಟು 18,432 ಬೈಟ್. ಆದರೆ 125 ಪೌಂಡಿನ ಅಗ್ಗದ ಮಾದರಿಯಲ್ಲಿದ್ದ ಮೆಮೊರಿಯೇ 16,384 ಬೈಟ್! ಚಿತ್ರವೇ ಹಿಡಿಸದು, ಇನ್ನು ಪ್ರೋಗ್ರಾಮಿಗೆ ಜಾಗವೆಲ್ಲಿ?

ಹಾರ್ಡ್‌ವೇರ್ ವಿನ್ಯಾಸಕ ರಿಚರ್ಡ್ ಆಲ್ಟ್‌ವಾಸರ್ ಚಿತ್ರವನ್ನೂ ಬಣ್ಣವನ್ನೂ ಬೇರ್ಪಡಿಸಿದರು. ಚುಕ್ಕಿ ಇದೆಯೋ ಇಲ್ಲವೋ ಎಂಬುದಕ್ಕೆ ಒಂದೇ ಬಿಟ್, ಒಟ್ಟು 6,144 ಬೈಟ್. ಬಣ್ಣಕ್ಕೆ ಪರದೆಯನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ 768 ಚೌಕಗಳಾಗಿ ಸೀಳಿ, ಚೌಕಕ್ಕೆ ಒಂದು ಬೈಟ್: ಮೂರು ಬಿಟ್ ಗೆರೆಯ ಬಣ್ಣಕ್ಕೆ, ಮೂರು ಹಿನ್ನೆಲೆಗೆ, ಒಂದು ಹೊಳಪಿಗೆ, ಒಂದು ಮಿನುಗಿಗೆ. ಎಲ್ಲ ಸೇರಿ 6,912 ಬೈಟ್. ಹಾಸಿಗೆ ಇದ್ದಷ್ಟೇ ಕಾಲು ಚಾಚಿದರು. ಒಂದೇ ಚೌಕದಲ್ಲಿ ಮರವೂ ಬೊಂಬೆಯೂ ಸೇರಿದರೆ ಬಣ್ಣ ಹಂಚಿಕೊಳ್ಳಲೇಬೇಕಾದದ್ದು ಅದಕ್ಕೇ.

ಸ್ಪೆಕ್ಟ್ರಮ್ ತಯಾರಿಸಿದ ಸಿಂಕ್ಲೇರ್ ಕಂಪನಿಯದೇ 1980ರ ಕಂಪ್ಯೂಟರ್ ಝಡ್‌ಎಕ್ಸ್80 ಇನ್ನೂ ಬಡತನದ್ದು. ಅದರಲ್ಲಿ ಟಿವಿಗೆ ಚಿತ್ರ ಕಳಿಸುವ ಕೆಲಸವೂ ಪ್ರೊಸೆಸರಿನ ತಲೆಯ ಮೇಲೆಯೇ ಇತ್ತು. ಕೀಲಿ ಒತ್ತಿದಾಗಲೆಲ್ಲ ಪರದೆ ಒಮ್ಮೆ ಮಿಟುಕುತ್ತಿತ್ತು, ಪ್ರೋಗ್ರಾಮ್ ಓಡುವಾಗ ಚಿತ್ರವೇ ಇರುತ್ತಿರಲಿಲ್ಲ. ಅಲ್ಲಿಂದ ಎರಡೇ ವರ್ಷದಲ್ಲಿ ಬಣ್ಣದವರೆಗೆ ಬಂದದ್ದು ಸಣ್ಣ ಸಂಗತಿಯಲ್ಲ.

1984ರಲ್ಲಿ ಭಾರತದ ಶಾಲೆಗಳಿಗೂ ಬಂದ ಬಿಬಿಸಿ ಮೈಕ್ರೊ ಕಂಪ್ಯೂಟರ್ ಬೇರೆ ದಾರಿ ಹಿಡಿದಿತ್ತು. ಅದರಲ್ಲಿ ಚುಕ್ಕಿ ಚುಕ್ಕಿಗೂ ಬೇಕಾದ ಬಣ್ಣ ಹಚ್ಚುವ ವಿಧಾನವಿತ್ತು. ಆದರೆ ಅದಕ್ಕೆ ಮೆಮೊರಿಯ 32 ಕೆಬಿಯಲ್ಲಿ (ಒಂದು ಕೆಬಿ ಎಂದರೆ 1,024 ಬೈಟ್) 20 ಕೆಬಿಯನ್ನು ಪರದೆಯೇ ನುಂಗುತ್ತಿತ್ತು, ಅಡ್ಡಸಾಲಿನ ಚುಕ್ಕಿಗಳೂ 160ಕ್ಕೆ ಇಳಿಯುತ್ತಿದ್ದವು.

ಸ್ಪೆಕ್ಟ್ರಮ್‌ಗೆ ಆಟ ಬರೆದವರು ಚೌಕದ ಕಟ್ಟಿಗೆ ಒಗ್ಗಿಕೊಂಡರು. 1984ರ 'ನೈಟ್ ಲೋರ್' ಆಟದಲ್ಲಿ ಒಂದೊಂದು ಕೋಣೆಗೂ ಕಪ್ಪಿನ ಮೇಲೆ ಒಂದೇ ಬಣ್ಣ. ಬಣ್ಣದ ಆಸೆ ಬಿಟ್ಟದ್ದರಿಂದ ಅಲ್ಲಿ ವಸ್ತುಗಳು ಒಂದರ ಹಿಂದೊಂದು ಮರೆಯಾಗಬಲ್ಲವು. ಕಲ್ಲಿನ ಅಂಚು, ಮೆಟ್ಟಿಲಿನ ಆಳ ಎಲ್ಲವೂ ಗೆರೆಯಲ್ಲೇ ಎದ್ದು ಕಾಣುತ್ತವೆ.